ಟ್ಯಾರೋ ಕಾರ್ಡುಗಳು

ಟ್ಯಾರೋ ಎಂಬುದು 78 ಚಿತ್ರಿತ ಕಾರ್ಡುಗಳ ಒಂದು ಕಟ್ಟು. ಆಟದ ಎಲೆಗಳಾಗಿ ಹುಟ್ಟಿದ ಇವು ಮುಂದೆ ಭವಿಷ್ಯ ಹೇಳುವ ಸಾಧನವಾಗಿ ಪ್ರಸಿದ್ಧವಾದವು. ಇತ್ತೀಚಿನ ದಶಕಗಳಲ್ಲಿ ಭವಿಷ್ಯದ ನಂಬಿಕೆಯನ್ನು ಬದಿಗಿಟ್ಟು, ಆತ್ಮಾವಲೋಕನಕ್ಕೂ ಆತ್ಮೀಯರೊಡನೆ ಮನಬಿಚ್ಚಿ ಮಾತನಾಡುವುದಕ್ಕೂ ಇವುಗಳನ್ನು ಬಳಸುವ ರೂಢಿ ಬೆಳೆದಿದೆ.

ಇತಿಹಾಸ

ಟ್ಯಾರೋ ಕಾರ್ಡುಗಳು 15ನೆಯ ಶತಮಾನದಲ್ಲಿ ಉತ್ತರ ಇಟಲಿಯಲ್ಲಿ ಕಾಣಿಸಿಕೊಂಡವು. ಮಿಲಾನಿನ ವಿಸ್ಕೋಂಟಿ ಮತ್ತು ಸ್ಫೋರ್ಜಾ ಮನೆತನಗಳಿಗಾಗಿ ಕೈಯಿಂದ ಬರೆಯಿಸಿದ ಕಟ್ಟುಗಳು ಉಳಿದುಬಂದಿರುವ ಹಳೆಯ ಮಾದರಿಗಳಲ್ಲಿ ಸೇರಿವೆ. ಫ್ರಾನ್ಸ್ ಮತ್ತು ಆಸ್ಟ್ರಿಯಗಳಲ್ಲಿ ಟ್ಯಾರೋ ಆಟ ಇಂದಿಗೂ ಜೀವಂತವಾಗಿದೆ.

1781ರಲ್ಲಿ ಫ್ರಾನ್ಸಿನ ಆಂಟ್ವಾನ್ ಕೂರ್ ದ ಜೆಬೆಲಿನ್ ಈ ಚಿತ್ರಗಳು ಪ್ರಾಚೀನ ಈಜಿಪ್ಟಿನ ಗುಪ್ತಜ್ಞಾನವನ್ನು ಹೊತ್ತಿವೆಯೆಂದು ಬರೆದನು. ಅದಕ್ಕೆ ಆಧಾರವಿರಲಿಲ್ಲ, ಈಜಿಪ್ಟಿನ ಚಿತ್ರಲಿಪಿಯನ್ನು ಆಗಿನ್ನೂ ಯಾರೂ ಓದಿರಲಿಲ್ಲ. ಆದರೂ ಈ ಕಲ್ಪನೆ ಬೇರೂರಿ, ಕಾರ್ಡುಗಳಿಂದ ಭವಿಷ್ಯ ಹೇಳುವ ಪದ್ಧತಿ ಹರಡಿತು. 1909ರಲ್ಲಿ ಲಂಡನ್ನಿನಲ್ಲಿ ಎ. ಇ. ವೇಟ್ ಅವರ ಸೂಚನೆಯಂತೆ ಪಮೇಲಾ ಕೋಲ್ಮನ್ ಸ್ಮಿತ್ ಎಂಬ ಕಲಾವಿದೆ ಬರೆದ ಕಟ್ಟು ಪ್ರಕಟವಾಯಿತು. ಇಂದು ಹೆಚ್ಚು ಬಳಕೆಯಲ್ಲಿರುವುದು ಇದೇ ಮಾದರಿ.

ರಚನೆ

ಕಟ್ಟಿನಲ್ಲಿ ಎರಡು ಭಾಗಗಳಿವೆ. ಮೊದಲನೆಯದು ಮರುಳ, ಏಕಾಂತವಾಸಿ, ವಿಧಿಚಕ್ರ, ಗೋಪುರ ಮುಂತಾದ 22 ಕಾರ್ಡುಗಳ ಪ್ರಧಾನ ಭಾಗ. ಎರಡನೆಯದು ಕೋಲು, ಬಟ್ಟಲು, ಖಡ್ಗ ಮತ್ತು ನಾಣ್ಯ ಎಂಬ ನಾಲ್ಕು ವರ್ಗಗಳ 56 ಕಾರ್ಡುಗಳು. ಇವುಗಳಲ್ಲಿ ಪ್ರತಿ ವರ್ಗಕ್ಕೆ 14 ಕಾರ್ಡುಗಳಿರುತ್ತವೆ. ಸ್ಮಿತ್ ಅವರು ಸಾಮಾನ್ಯ ಸಂಖ್ಯೆಯ ಕಾರ್ಡುಗಳಲ್ಲಿಯೂ ಮನುಷ್ಯರ ಸನ್ನಿವೇಶಗಳನ್ನು ಚಿತ್ರಿಸಿದರು. ನೋಡುವವರು ಕಥೆ ಕಟ್ಟಿಕೊಳ್ಳಲು ಇದರಿಂದ ಅನುಕೂಲವಾಯಿತು.

ಆತ್ಮಾವಲೋಕನದಲ್ಲಿ ಬಳಕೆ

ಈ ವಿಧಾನದಲ್ಲಿ ಕಾರ್ಡು ಉತ್ತರ ಕೊಡುವುದಿಲ್ಲ, ಪ್ರಶ್ನೆ ಎಬ್ಬಿಸುತ್ತದೆ. ಬಳಸುವವರು ಒಂದು ಕಾರ್ಡನ್ನು ತೆಗೆದು, ಚಿತ್ರದಲ್ಲಿ ಮೊದಲು ಕಣ್ಣಿಗೆ ಬಿದ್ದುದೇನು, ಅದು ತಮ್ಮ ಬದುಕಿನ ಯಾವ ಸಂಗತಿಯನ್ನು ನೆನಪಿಸಿತು ಎಂಬುದನ್ನು ದಿನಚರಿಯಲ್ಲಿ ಬರೆದುಕೊಳ್ಳುತ್ತಾರೆ. ಮೂರು ಕಾರ್ಡುಗಳನ್ನು ಸಾಲಾಗಿ ಇಟ್ಟು ಪರಿಸ್ಥಿತಿ, ಅಡ್ಡಿ, ಮುಂದಿನ ಹೆಜ್ಜೆ ಎಂದು ವಿಚಾರಮಾಡುವ ಕ್ರಮವೂ ಇದೆ. ‘ನನಗೆ ನೌಕರಿ ಸಿಗುವುದೇ?’ ಎಂಬ ಪ್ರಶ್ನೆಗೆ ಇಲ್ಲಿ ಎಡೆಯಿಲ್ಲ. ‘ಈ ನೌಕರಿ ನನಗೇಕೆ ಬೇಕು?’ ಎಂಬ ಪ್ರಶ್ನೆಗೆ ಎಡೆಯಿದೆ.

ಆತ್ಮೀಯರ ಕೂಟದಲ್ಲಿ

ಒಂದೇ ಚಿತ್ರ ಬೇರೆ ಬೇರೆಯವರಿಗೆ ಬೇರೆ ಬೇರೆಯಾಗಿ ಕಾಣುವುದು ಗುಂಪಿನ ಬಳಕೆಗೆ ತಳಹದಿ. ಎಂಟು ಬಟ್ಟಲುಗಳ ಕಾರ್ಡಿನಲ್ಲಿ ವ್ಯಕ್ತಿಯೊಬ್ಬನು ಜೋಡಿಸಿಟ್ಟ ಬಟ್ಟಲುಗಳನ್ನು ಹಿಂದೆ ಬಿಟ್ಟು ಬೆಟ್ಟದ ಕಡೆಗೆ ನಡೆಯುತ್ತಿದ್ದಾನೆ. ಓದಿಗಾಗಿ ಊರು ಬಿಡುವ ವಿದ್ಯಾರ್ಥಿಗೆ ಇದು ಹೊಸ ದಾರಿಯಾಗಿ ತೋರಬಹುದು. ಆಲಮಟ್ಟಿ ಅಣೆಕಟ್ಟೆಯ ಹಿನ್ನೀರಿನಿಂದಾಗಿ ಹಳೆಯ ಬಾಗಲಕೋಟೆಯ ಮನೆಯನ್ನು ತೊರೆದು ನವನಗರಕ್ಕೆ ಬಂದ ಹಿರಿಯರಿಗೆ ಬಿಟ್ಟುಬಂದ ಬಟ್ಟಲುಗಳೇ ಕಣ್ಣಿಗೆ ಕಟ್ಟಬಹುದು. ನೇರವಾಗಿ ಕೇಳಿದರೆ ಬಾರದ ಮಾತು ಚಿತ್ರದ ನೆಪದಲ್ಲಿ ಹೊರಬರುತ್ತದೆ. ಇನ್ನೊಬ್ಬರ ಕಾರ್ಡಿಗೆ ತಾವೇ ಅರ್ಥ ಹೇಳದಿರುವುದು, ಹೇಳಿದ್ದನ್ನು ಹೊರಗೆ ಆಡದಿರುವುದು, ಬೇಡವೆಂದವರನ್ನು ಒತ್ತಾಯಿಸದಿರುವುದು ಇಂಥ ಕೂಟಗಳಲ್ಲಿ ಪಾಲಿಸಬೇಕಾದ ನಿಯಮಗಳು.

ಕರ್ನಾಟಕದ ಸಂದರ್ಭ

ಕರ್ನಾಟಕಕ್ಕೆ ಚಿತ್ರಿತ ಎಲೆಗಳು ಹೊಸತಲ್ಲ. ಗಂಜೀಫಾ ಎಂಬ ಕೈಬರಹದ ಎಲೆಗಳ ಆಟಕ್ಕೆ ಮುಮ್ಮಡಿ ಕೃಷ್ಣರಾಜ ಒಡೆಯರು (1794–1868) ಮೈಸೂರಿನಲ್ಲಿ ಆಶ್ರಯವಿತ್ತು, ಹಲವು ಹೊಸ ಆಟಗಳನ್ನು ರೂಪಿಸಿದರು. ಶ್ರೀತತ್ತ್ವನಿಧಿಯ ಕೌತುಕನಿಧಿ ಎಂಬ ಭಾಗದಲ್ಲಿ ಇವುಗಳ ವಿವರಣೆಯಿದೆ. ದಶಾವತಾರ ಗಂಜೀಫಾದಲ್ಲಿ ಹತ್ತು ಅವತಾರಗಳಿಗೆ ತಲಾ 12ರಂತೆ 120 ಎಲೆಗಳಿರುತ್ತವೆ. ಇನ್ನೊಂದೆಡೆ, ಗಿಣಿಶಾಸ್ತ್ರದಲ್ಲಿ ಗಿಳಿಯು ಆಯ್ದುಕೊಟ್ಟ ಕಾರ್ಡನ್ನು ನೋಡಿ ಭವಿಷ್ಯ ಹೇಳುತ್ತಾರೆ.

ಟ್ಯಾರೋ ಚಿತ್ರಗಳು ಯುರೋಪಿನ ಅರಮನೆ ಮತ್ತು ಇಗರ್ಜಿಗಳ ಲೋಕಕ್ಕೆ ಸೇರಿದವು. ಅವು ಅಪರಿಚಿತವೆನಿಸಿದರೆ ಪರಿಚಿತ ಚಿತ್ರಗಳಿಂದಲೂ ಇದೇ ಕೆಲಸ ಸಾಧ್ಯ. ಬಾದಾಮಿಯ ಒಂದನೆಯ ಗುಹೆಯ ಹರಿಹರ ಶಿಲ್ಪವನ್ನು ಮುಂದಿಟ್ಟುಕೊಂಡು ಒಬ್ಬರೊಳಗೇ ಇರುವ ಎರಡು ಸ್ವಭಾವಗಳನ್ನು ಕುರಿತು ಯೋಚಿಸಬಹುದು. ಹುನಗುಂದ ತಾಲ್ಲೂಕಿನ ಕೂಡಲಸಂಗಮದಲ್ಲಿ ಕೃಷ್ಣಾ ಮತ್ತು ಮಲಪ್ರಭಾ ನದಿಗಳು ಕೂಡುವ ನೋಟ ಗೆಳೆತನದ ಪ್ರಶ್ನೆಯನ್ನು ಎತ್ತಬಲ್ಲದು. ಇಳಕಲ್ ಸೀರೆಯಲ್ಲಿ ಒಡಲಿನ ಹಾಸು ಎಳೆಗಳನ್ನು ಸೆರಗಿನ ಎಳೆಗಳಿಗೆ ಕೊಂಡಿ ಹಾಕಿ ಜೋಡಿಸುತ್ತಾರೆ. ಹಳೆಯ ಬದುಕನ್ನು ಹೊಸದಕ್ಕೆ ಬೆಸೆಯುವುದು ಹೇಗೆಂದು ಕೇಳಿಕೊಳ್ಳಲು ಆ ಕೊಂಡಿಯ ಚಿತ್ರವೊಂದೇ ಸಾಕು.

ಮಿತಿಗಳು

ಕಾರ್ಡುಗಳು ಭವಿಷ್ಯವನ್ನು ತಿಳಿಸುತ್ತವೆ ಎಂಬುದಕ್ಕೆ ವೈಜ್ಞಾನಿಕ ಆಧಾರವಿಲ್ಲ. 1948ರಲ್ಲಿ ಅಮೆರಿಕದ ಮನೋವಿಜ್ಞಾನಿ ಬರ್ಟ್ರಮ್ ಫೋರರ್ ತಮ್ಮ 39 ವಿದ್ಯಾರ್ಥಿಗಳಿಗೆ ಅವರವರ ಸ್ವಭಾವದ ವಿವರಣೆಯೆಂದು ಹೇಳಿ ಒಂದೇ ಬರಹವನ್ನು ಹಂಚಿದರು. ಅದು ತಮಗೆ ಎಷ್ಟು ಹೊಂದುತ್ತದೆ ಎಂಬುದಕ್ಕೆ ವಿದ್ಯಾರ್ಥಿಗಳು ಕೊಟ್ಟ ಸರಾಸರಿ ಅಂಕ 5ಕ್ಕೆ 4.26. ಎಲ್ಲರಿಗೂ ಒಪ್ಪುವ ಮಾತನ್ನು ತನಗಾಗಿಯೇ ಹೇಳಿದ್ದೆಂದು ನಂಬುವ ಈ ಪ್ರವೃತ್ತಿಯೇ ಭವಿಷ್ಯವಾಣಿಗಳು ನಿಜವೆನಿಸಲು ಮುಖ್ಯ ಕಾರಣಗಳಲ್ಲೊಂದು. ಆರೋಗ್ಯ, ಮದುವೆ, ಹಣಕಾಸಿನ ನಿರ್ಧಾರಗಳನ್ನು ಕಾರ್ಡುಗಳಿಗೆ ಒಪ್ಪಿಸುವುದು ಅಪಾಯಕರ. ದೀರ್ಘಕಾಲದ ದುಃಖ ಅಥವಾ ಆತಂಕವಿದ್ದವರು ವೈದ್ಯರನ್ನು ಕಾಣಬೇಕು. ಆತ್ಮಾವಲೋಕನದ ಬಳಕೆಯಲ್ಲಿ ಅರ್ಥವಿರುವುದು ಕಾರ್ಡಿನಲ್ಲಿ ಅಲ್ಲ, ಅದನ್ನು ನೋಡಿ ಯೋಚಿಸುವವರಲ್ಲಿ ಮತ್ತು ಅವರ ಮಾತನ್ನು ಕೇಳಿಸಿಕೊಳ್ಳುವವರಲ್ಲಿ.