ಬಾಲ್ಕನಿ ಕುಂಡದಲ್ಲಿ ಶುಂಠಿ: ಊರಿನ ಲೆಕ್ಕ ಇಲ್ಲಿ ನಡೆಯದು

ಊರಿನಲ್ಲಿ ಶುಂಠಿ ನಾಟಿ ಎಂದರೆ ಏಪ್ರಿಲ್-ಮೇ. ಮುಂಗಾರಿಗೂ ಮುಂಚಿನ ಮಳೆ ಬಿದ್ದರೆ ಕೊಡಗು, ಹಾಸನ, ಶಿವಮೊಗ್ಗ ಕಡೆ ಕೆಲಸ ಶುರು. ಅದೇ ಲೆಕ್ಕದಲ್ಲಿ ದುಬೈ, ದೋಹಾ, ಕುವೈತ್‌ನ ಬಾಲ್ಕನಿಯಲ್ಲಿ ಮೇ ತಿಂಗಳಲ್ಲಿ ನೆಟ್ಟರೆ, ಮೊಳಕೆ ಮೇಲೆ ಬರುವಾಗ ಹೊರಗೆ 45 ಡಿಗ್ರಿ ಇರುತ್ತದೆ. ಎಳೆ ಎಲೆ ಸುಟ್ಟೇ ಹೋಗುತ್ತದೆ. ಶುಂಠಿಗೆ ಹಿತವಾದದ್ದು 25ರಿಂದ 30 ಡಿಗ್ರಿ. ಆದ್ದರಿಂದ ಗಲ್ಫ್‌ನಲ್ಲಿ ಫೆಬ್ರವರಿ ಕೊನೆ ಅಥವಾ ಮಾರ್ಚ್ ಮೊದಲಲ್ಲೇ ನೆಡಬೇಕು. ಬಿಸಿಲು ಜೋರಾಗುವಷ್ಟರಲ್ಲಿ ಗಿಡ ಬೇರು ಬಿಟ್ಟು ಗಟ್ಟಿಯಾಗಿರುತ್ತದೆ.

ನೆಡುವುದು ಹೇಗೆ?

ಊರಿಂದ ಬೀಜದ ಶುಂಠಿ ತರಬೇಕೆಂದಿಲ್ಲ. ಸೂಪರ್‌ಮಾರ್ಕೆಟ್‌ನಲ್ಲೇ ಸುಕ್ಕಿಲ್ಲದ, ಕಣ್ಣು ಉಬ್ಬಿದ ಗಡ್ಡೆ ಆರಿಸಿ. ಕೆಲವಕ್ಕೆ ಮೊಳಕೆ ಬಾರದಂತೆ ಔಷಧಿ ಹಾಕಿರುತ್ತಾರೆ; ಒಂದು ರಾತ್ರಿ ನೀರಲ್ಲಿ ನೆನೆಸಿಡಿ. ಎರಡು ಕಣ್ಣಿರುವಂತೆ 30-50 ಗ್ರಾಂ ತುಂಡು ಮಾಡಿ, ಕತ್ತರಿಸಿದ ಜಾಗ ಎರಡು ದಿನ ನೆರಳಲ್ಲಿ ಒಣಗಲಿ.

ಕುಂಡ 12 ಇಂಚು ಅಗಲ ಇದ್ದರೆ ಸಾಕು, ತಳದಲ್ಲಿ ತೂತು ಇರಲೇಬೇಕು. ಮಣ್ಣು, ತೆಂಗಿನ ನಾರಿನ ಪುಡಿ, ಕಾಂಪೋಸ್ಟ್ ಸಮಪಾಲು. ಕಣ್ಣು ಮೇಲೆ ಮಾಡಿ ಎರಡು ಇಂಚು ಆಳದಲ್ಲಿಡಿ. ಮೊಳಕೆಗೆ ಮೂರು-ನಾಲ್ಕು ವಾರ ಹಿಡಿಯುತ್ತದೆ. ಅಲ್ಲಿಯವರೆಗೆ ಮಣ್ಣು ತೇವ ಇದ್ದರೆ ಆಯ್ತು. ನೀರು ನಿಂತರೆ ಗಡ್ಡೆ ಕೊಳೆಯುತ್ತದೆ. ಶುಂಠಿ ಸಾಯುವುದು ಒಣಗಿ ಎನ್ನುವುದಕ್ಕಿಂತ ಕೊಳೆತು ಎನ್ನುವುದೇ ಹೆಚ್ಚು.

ಬೇಸಿಗೆಯ ಪರೀಕ್ಷೆ

ಬೆಳಗಿನ ಬಿಸಿಲು ಸಾಕು, ಮಧ್ಯಾಹ್ನದ್ದು ಬೇಡ. ಎಸಿಯ ಹೊರಗಿನ ಯೂನಿಟ್ ಬಿಸಿಗಾಳಿ ತಾಗದ ಮೂಲೆ ನೋಡಿ. ಜುಲೈನಲ್ಲಿ ಟೆರೇಸ್ ಟ್ಯಾಂಕಿನ ನೀರು ಕೈ ಸುಡುತ್ತದೆ. ಅದನ್ನು ನೇರ ಹಾಕಿದರೆ ಬೇರು ಬೆಂದಂತೆ. ರಾತ್ರಿ ಬಕೆಟ್‌ನಲ್ಲಿ ತುಂಬಿಟ್ಟು ಬೆಳಿಗ್ಗೆ ಹಾಕಿ. ಮೇಲೆ ಒಣ ಎಲೆ ಅಥವಾ ತೆಂಗಿನ ನಾರು ಹೊದಿಸಿದರೆ ತೇವ ಉಳಿಯುತ್ತದೆ. ಗಡ್ಡೆ ಮೇಲೆ ಕಂಡಾಗ ಒಂದು ಹಿಡಿ ಕಾಂಪೋಸ್ಟ್ ಮುಚ್ಚಿ.

ರಜೆಗೆ ಊರಿಗೆ ಹೋಗುವವರ ಪ್ರಶ್ನೆ ಇಲ್ಲೇ ಬರುತ್ತದೆ. ಗಿಡಕ್ಕೆ ಹೆಚ್ಚು ನೀರು ಬೇಕಾಗುವುದೂ, ಮನೆ ಖಾಲಿ ಇರುವುದೂ ಅದೇ ಜುಲೈ-ಆಗಸ್ಟ್‌ನಲ್ಲಿ. ಬಾಟಲಿ ತಲೆಕೆಳಗೆ ಚುಚ್ಚಿಟ್ಟರೆ ಕೆಲವೇ ದಿನ ಬರುತ್ತದೆ, ಒಂದು ತಿಂಗಳಿಗೆ ಸಾಲದು. ದಾರಿ ಎರಡು: ಪಕ್ಕದ ಮನೆಯವರಿಗೋ ರೂಮ್‌ಮೇಟ್‌ಗೋ ಕುಂಡ ಒಪ್ಪಿಸುವುದು, ಇಲ್ಲವೇ ಹೊರಡುವ ಮುಂಚೆ ಐದು ತಿಂಗಳ ಎಳೆ ಶುಂಠಿಯನ್ನೇ ಕಿತ್ತುಕೊಳ್ಳುವುದು. ನಾರಿಲ್ಲದ ಎಳೆ ಶುಂಠಿ ಉಪ್ಪಿನಕಾಯಿಗೆ, ತಂಬುಳಿಗೆ ಬಲು ರುಚಿ.

ಕೊಯ್ಲು ಮತ್ತು ಲೆಕ್ಕ

ಇಲ್ಲೇ ಇರುವವರು ನವೆಂಬರ್‌ವರೆಗೆ ಕಾಯಲಿ. ಎಂಟು-ಒಂಬತ್ತು ತಿಂಗಳಿಗೆ ಎಲೆ ಹಳದಿಯಾಗಿ ಬಾಗುತ್ತದೆ. ನೀರು ನಿಲ್ಲಿಸಿ, ಎರಡು-ಮೂರು ವಾರ ಬಿಟ್ಟು ಕುಂಡ ಬೋರಲು ಹಾಕಿ. ಅಷ್ಟೂ ಬೇಡದಿದ್ದರೆ ಬದಿಯಿಂದ ಬೇಕಾದಷ್ಟು ಮುರಿದುಕೊಂಡು ಮಣ್ಣು ಮುಚ್ಚಬಹುದು.

ದುಡ್ಡಿನ ಲೆಕ್ಕಕ್ಕೆ ಕೂತರೆ ಮೊದಲ ವರ್ಷ ನಷ್ಟವೇ. ಕುಂಡ, ಮಣ್ಣು, ಗೊಬ್ಬರದ ಖರ್ಚಿಗೆ ಅಂಗಡಿಯಲ್ಲಿ ಇನ್ನೂ ಹೆಚ್ಚು ಶುಂಠಿ ಬರುತ್ತದೆ. ಎರಡನೇ ವರ್ಷ ಕುಂಡ ಇದ್ದೇ ಇದೆ, ಬೀಜ ಮನೆಯದೇ. ಹೊಸ ಮಣ್ಣು-ಗೊಬ್ಬರದ ಖರ್ಚು ಮಾತ್ರ. ಆದ್ದರಿಂದ ಕೊಯ್ದ ದಿನವೇ ಒಳ್ಳೆಯ ಎರಡು ತುಂಡು ಬೇರೆ ತೆಗೆದಿಡಿ, ಚಹಾಕ್ಕೆ ಉಳಿದದ್ದು.