ಡ್ರಮ್ಮಿನ ಸದ್ದು ಕೇಳಿ

ಬೆಂಗಳೂರಿನ ನಮ್ಮ ಎನ್.ಆರ್. ಕಾಲೋನಿಯಲ್ಲಿ ವಾಷಿಂಗ್ ಮಷೀನು ಕೆಟ್ಟರೆ ಅಕ್ಕಪಕ್ಕದವರ ಮೊದಲ ಸಲಹೆ, "ಎಕ್ಸ್‌ಚೇಂಜಿಗೆ ಹಾಕಿಬಿಡಿ." ನಾನು ಮಾತ್ರ ಮೊದಲು ಮಷೀನಿಗೆ ಕಿವಿಗೊಡುತ್ತೇನೆ. ನೀರು ಹೊರಹೋಗದೆ ನಿಂತರೆ ಸಾಮಾನ್ಯವಾಗಿ ಡ್ರೈನ್ ಫಿಲ್ಟರ್ ಕಟ್ಟಿಕೊಂಡಿರುತ್ತದೆ. ನಮ್ಮದರಲ್ಲಿ ಸಿಕ್ಕಿದ್ದು ಮೊಮ್ಮಗನ ಅಂಗಿಯ ಗುಂಡಿ, ಒಂದು ಹೇರ್‌ಪಿನ್ನು. ನೀರು ತುಂಬುವುದೇ ನಿಧಾನವಾದರೆ ಇನ್‌ಲೆಟ್ ಜಾಲರಿ ತೊಳೆಯಿರಿ. ಬೋರ್‌ವೆಲ್‌ನ ಗಡಸು ನೀರಿಗೆ ಹೀಟರ್ ಮೇಲೆ ಸುಣ್ಣ ಕಟ್ಟುತ್ತದೆ. ಇವೆಲ್ಲ ರಿಪೇರಿಗೆ ಬಗ್ಗುವ ತೊಂದರೆಗಳು.

ಸ್ಪಿನ್ ಆಗುವಾಗ ಗರಗರ ಸದ್ದು ಬಂದರೆ ಅನುಮಾನ ಬೇರಿಂಗ್ ಮೇಲೆ. ಬೇರಿಂಗ್ ಅಗ್ಗ, ಟಬ್ ಬಿಚ್ಚುವ ಕೂಲಿ ದುಬಾರಿ. ಕೆಲವು ಮಾಡೆಲ್‌ಗಳಲ್ಲಿ ಟಬ್ಬನ್ನು ಬಿಚ್ಚಲಾಗದಂತೆ ಬೆಸೆದಿರುತ್ತಾರೆ. ಆಗ ಇಡೀ ಟಬ್ಬೇ ಹೊಸದಾಗಬೇಕು.

ಇನ್ನೊಂದು ತೊಂದರೆ ಕಂಟ್ರೋಲ್ ಬೋರ್ಡಿನದು. "ಬೋರ್ಡ್ ಹೋಗಿದೆ ಅಮ್ಮ, ಹೊಸದೇ ಹಾಕ್ಬೇಕು" ಎಂದ ಒಮ್ಮೆ ನಮ್ಮ ಮೆಕ್ಯಾನಿಕ್.

"ಎಸ್.ಪಿ. ರೋಡಲ್ಲಿ ಬೋರ್ಡ್ ರಿಪೇರಿ ಮಾಡೋರು ಇಲ್ವೇನಪ್ಪಾ? ಒಂದ್ಸಲ ಕೇಳ್ಕೊಂಡು ಬಾ." ತಲೆ ಕೆರೆದುಕೊಂಡು ಹೋದ.

ರಿಪೇರಿ ಖರ್ಚು ಹೊಸದರ ಅರ್ಧ ಬೆಲೆ ದಾಟಿ, ಮಷೀನಿಗೂ ಹತ್ತು ವರ್ಷವಾಗಿದ್ದರೆ ನಾನು ಹಠ ಹಿಡಿಯುವುದಿಲ್ಲ. ಆದರೆ ಹಳೆಯದನ್ನು ಗುಜರಿಗೆ ಹಾಕಬೇಡಿ, ಇ-ತ್ಯಾಜ್ಯ ಸಂಗ್ರಹಕ್ಕೆ ಕೊಡಿ; 2023ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ನಿಯಮದಂತೆ ಮರುಬಳಕೆಯ ಹೊಣೆ ತಯಾರಕರದು. ಹೊಸದು ಕೊಳ್ಳುವಾಗ ಟಬ್ ಬಿಚ್ಚಲು ಬರುತ್ತದೆಯೇ ಎಂದು ವಿಚಾರಿಸಿ. ಅಂಗಡಿಯ ಹುಡುಗನಿಗೆ ಗೊತ್ತಿರಲಾರದು, ಆದರೂ ಕೇಳಿ.