ಉಲ್ಲೇಖದ ಲೆಕ್ಕ, ತೊಗರಿಯ ಕಾಲ

ಶಹಾಪುರದ ಪಕ್ಕದ ಭೀಮರಾಯನಗುಡಿಯಲ್ಲಿ ರಾಯಚೂರು ಕೃಷಿ ವಿಜ್ಞಾನಗಳ ವಿಶ್ವವಿದ್ಯಾಲಯಕ್ಕೆ ಸೇರಿದ ಕೃಷಿ ಮಹಾವಿದ್ಯಾಲಯವಿದೆ. ಅಲ್ಲಿರಲಿ, ಧಾರವಾಡದಲ್ಲಿರಲಿ, ಬೆಳೆ ವಿಜ್ಞಾನಿಯ ಪರಿಚಯಪತ್ರದಲ್ಲಿ ಈಗ ಮೂರು ಅಂಕಿ ಇದ್ದೇ ಇರುತ್ತವೆ: ಎಷ್ಟು ಪ್ರಬಂಧ, ಎಷ್ಟು ಉಲ್ಲೇಖ, ಎಚ್-ಇಂಡೆಕ್ಸ್ ಎಷ್ಟು. ಒಬ್ಬರ ಪ್ರಬಂಧವನ್ನು ಇನ್ನೊಬ್ಬರು ತಮ್ಮ ಆಕರಪಟ್ಟಿಯಲ್ಲಿ ಹೆಸರಿಸಿದರೆ ಅದು ಒಂದು ಉಲ್ಲೇಖ, ಅಂದರೆ ಸೈಟೇಷನ್. ಇದನ್ನು ದೊಡ್ಡ ಪ್ರಮಾಣದಲ್ಲಿ ಎಣಿಸಲು ದಾರಿ ಮಾಡಿದವರು ಯೂಜೀನ್ ಗಾರ್‌ಫೀಲ್ಡ್. ಅವರ ಸೈನ್ಸ್ ಸೈಟೇಷನ್ ಇಂಡೆಕ್ಸ್ ಬಂದದ್ದು 1964ರಲ್ಲಿ.

ಜನ ಎಡವುವುದು ಎಚ್-ಇಂಡೆಕ್ಸ್ ಬಳಿ. ಅದು ಸರಾಸರಿ ಅಲ್ಲ. 2005ರಲ್ಲಿ ಭೌತವಿಜ್ಞಾನಿ ಹೋರ್ಹೆ ಹಿರ್ಶ್ ಸೂಚಿಸಿದ ಈ ಅಳತೆಯನ್ನು ಕಾಗದದ ಮೇಲೆಯೇ ಮಾಡಿ ನೋಡಬಹುದು. ಒಬ್ಬರ ಎಂಟು ಪ್ರಬಂಧಗಳಿಗೆ ಸಿಕ್ಕ ಉಲ್ಲೇಖಗಳು 40, 22, 11, 9, 6, 5, 3, 1 ಎಂದಿಟ್ಟುಕೊಳ್ಳಿ. ಕ್ರಮಸಂಖ್ಯೆಯಷ್ಟಾದರೂ ಉಲ್ಲೇಖ ಇರುವವರೆಗೆ ಮೇಲಿನಿಂದ ಎಣಿಸುತ್ತ ಬನ್ನಿ. ಐದನೆಯದಕ್ಕೆ 6 ಇದೆ, ಐದಕ್ಕಿಂತ ಕಡಿಮೆಯಿಲ್ಲ, ಸರಿ. ಆರನೆಯದಕ್ಕೆ 5 ಮಾತ್ರ, ಆರು ಮುಟ್ಟಲಿಲ್ಲ. ಹಾಗಾಗಿ ಎಚ್-ಇಂಡೆಕ್ಸ್ 5. ಈಗ ಮೊದಲ ಪ್ರಬಂಧದ 40 ಉಲ್ಲೇಖ 4,000 ಆಯಿತೆನ್ನಿ: ಎಚ್-ಇಂಡೆಕ್ಸ್ ಆಗಲೂ 5. ಆರನೆಯದಕ್ಕೆ ಇನ್ನೊಂದೇ ಒಂದು ಉಲ್ಲೇಖ ಸಿಕ್ಕರೆ ಅದು 6 ಆಗುತ್ತದೆ! ಒಂದು ಮಹತ್ತಾದ ಕೆಲಸ ಮಾಡಿದವರನ್ನು ಈ ಅಳತೆ ಗುರುತಿಸುವುದೇ ಇಲ್ಲ. ಬಹುಕಾಲ ಒಂದೇ ಸಮನೆ ಬರೆದವರನ್ನು ಮಾತ್ರ ಚೆನ್ನಾಗಿ ಗುರುತಿಸುತ್ತದೆ.

ಇನ್ನು ಜರ್ನಲ್‌ಗಳ ಇಂಪ್ಯಾಕ್ಟ್ ಫ್ಯಾಕ್ಟರ್. ಹಿಂದಿನ ಎರಡು ವರ್ಷಗಳಲ್ಲಿ ಜರ್ನಲ್ ಪ್ರಕಟಿಸಿದ ಲೇಖನಗಳಿಗೆ ಈ ವರ್ಷ ಸಿಕ್ಕ ಉಲ್ಲೇಖಗಳನ್ನು ಆ ಲೇಖನಗಳ ಸಂಖ್ಯೆಯಿಂದ ಭಾಗಿಸಿದರೆ ಬರುವ ಅಂಕಿ ಅದು. ಆ ಎರಡು ವರ್ಷದ ಕಿಟಕಿಯನ್ನು ನಮ್ಮ ತೊಗರಿಯ ಪಕ್ಕದಲ್ಲಿಟ್ಟು ನೋಡಬೇಕು. 2022ರಲ್ಲಿ ತೊಗರಿಯ ಬಗ್ಗೆ ಒಂದು ಪ್ರಬಂಧ ಬಂತು, ಅದನ್ನೋದಿದ ಇನ್ನೊಬ್ಬ ಸಂಶೋಧಕ ತನ್ನ ತಾಕಿನಲ್ಲಿ ಪರೀಕ್ಷಿಸಲು ಹೊರಟ ಎನ್ನೋಣ. ಬಿತ್ತನೆ 2023ರ ಮುಂಗಾರಿಗೆ, ರಾಶಿ ಡಿಸೆಂಬರ್ ಹೊತ್ತಿಗೆ. ವರ್ಷಕ್ಕೆ ಒಂದೇ ಬೆಳೆ. ಒಂದು ಹಂಗಾಮಿನ ಫಲಿತಾಂಶವನ್ನು ಯಾರೂ ನಂಬರು, ನಂಬಲೂಬಾರದು. ಮಳೆ ಕೈಕೊಟ್ಟ ವರ್ಷವೂ ಲೆಕ್ಕಕ್ಕೆ ಬರಬೇಕು. ಎರಡನೇ ಹಂಗಾಮು ಮುಗಿದು, ಬರೆದು, ಪರಿಶೀಲನೆ ದಾಟಿ ಅಚ್ಚಾಗುವಾಗ 2026. ಆ ಉಲ್ಲೇಖ ಸಿಗುವ ಹೊತ್ತಿಗೆ ಕಿಟಕಿ ಮುಚ್ಚಿರುತ್ತದೆ, ಏಕೆಂದರೆ 2022ರ ಪ್ರಬಂಧ ಎಣಿಕೆಗೆ ಬರುವುದು 2023 ಮತ್ತು 2024ರಲ್ಲಿ ಮಾತ್ರ. ಪ್ರಯೋಗಾಲಯದಲ್ಲಿ ವಾರಗಳಲ್ಲಿ ಪ್ರಯೋಗ ಮುಗಿಸುವ ಶಾಸ್ತ್ರಕ್ಕೂ ಹೊಲದ ಶಾಸ್ತ್ರಕ್ಕೂ ಒಂದೇ ಗಡುವು ಇಡುವುದು ಅನ್ಯಾಯ.

ಇದಕ್ಕಿಂತಲೂ ನನ್ನನ್ನು ಹಿಡಿದಿಟ್ಟಿರುವುದು ಮಾರುತಿ ತೊಗರಿಯ ಕತೆ. ಪಟಾನ್‌ಚೆರುವಿನ ಬೆಳೆ ಸಂಶೋಧನಾ ಸಂಸ್ಥೆ ಇಕ್ರಿಸ್ಯಾಟ್ ಆಯ್ದ ಐಸಿಪಿ 8863 ಎಂಬ ಈ ತಳಿ 1986ರಲ್ಲಿ ಕರ್ನಾಟಕದಲ್ಲಿ ಬಿಡುಗಡೆಯಾಯಿತು. ಆಗ ಶಹಾಪುರ ಗುಲ್ಬರ್ಗ ಜಿಲ್ಲೆಯಲ್ಲಿತ್ತು, ನೆಟೆ ರೋಗ ತೊಗರಿಯನ್ನು ಹಾಳುಗೆಡವುತ್ತಿತ್ತು. ಫ್ಯುಸೇರಿಯಂ ಉಡಮ್ ಎಂಬ ಶಿಲೀಂಧ್ರ ಮಣ್ಣಿನಿಂದ ಬೇರಿಗೆ ನುಗ್ಗಿ ನೀರಿನ ನಾಳ ಕಟ್ಟಿಬಿಡುತ್ತದೆ. ಹೂ ಕಾಯಿ ಹಿಡಿದ ಗಿಡ ನಿಂತಲ್ಲೇ ಒಣಗುತ್ತದೆ, ಕಾಂಡ ಸೀಳಿದರೆ ಒಳಗೆ ಕಪ್ಪುಗೆಂಪು ಗೆರೆ ಕಾಣುತ್ತದೆ. ಮಾರುತಿ ಅದನ್ನು ತಡೆಯಿತು.

ಇಂದಿಗೂ ಹೊಸ ತಳಿಗೆ ನೆಟೆ ನಿರೋಧ ಇದೆಯೇ ಎಂದು ನೋಡಲು ರೋಗದ ತಾಕಿನಲ್ಲಿ ಬೆಳೆಸಿ, ಪಕ್ಕದಲ್ಲಿ ಬೇಗ ಸಾಯುವ ಐಸಿಪಿ 2376ನ್ನೂ ತಾಳಿಕೊಳ್ಳುವ ಐಸಿಪಿ 8863ನ್ನೂ ಹೋಲಿಕೆಗೆ ಹಾಕುತ್ತಾರೆ. ಹಾಗೆ ಬಂದ ಹೆಸರು ಪ್ರಬಂಧದ ಕೋಷ್ಟಕದಲ್ಲಿರುತ್ತದೆ. ಆಕರಪಟ್ಟಿಯಲ್ಲಿ ಇಲ್ಲದಿದ್ದರೆ ಎಣಿಸುವ ಯಂತ್ರಕ್ಕೆ ಅದು ಕಾಣುವುದಿಲ್ಲ. ತೊಗರಿ ಬಿತ್ತುವ ರೈತನಂತೂ ಯಾವ ಪ್ರಬಂಧವನ್ನೂ ಉಲ್ಲೇಖಿಸುವುದಿಲ್ಲ. ಮಂಡ್ಯದ ವಿ.ಸಿ. ಫಾರ್ಮಿನಲ್ಲಿ ಭಾರತದ ರಾಗಿಗೆ ಆಫ್ರಿಕಾದ ರಾಗಿ ಕೂಡಿಸಿ ಇಂಡಾಫ್ ತಳಿಗಳನ್ನು ಕೊಟ್ಟ ಲಕ್ಷ್ಮಣಯ್ಯನವರ ಕೆಲಸವನ್ನೂ ಉಲ್ಲೇಖದಿಂದ ಅಳೆಯಲಾಗದು. ಅವರ ಪ್ರಭಾವ ಮುಂದಿನ ತಳಿಗಳ ವಂಶಾವಳಿಯಲ್ಲಿದೆ.

ಹಾಗೆಂದು ಅಂಕಿಗಳನ್ನು ಎಸೆಯಬೇಕಾಗಿಲ್ಲ, ಓದಲು ಕಲಿಯಬೇಕು. ನಮ್ಮಲ್ಲಿ ಅದಕ್ಕೊಂದು ತೊಡಕೂ ಇದೆ: ಇನಿಷಿಯಲ್ ಜೊತೆ ಪಾಟೀಲ, ರೆಡ್ಡಿ, ಹಿರೇಮಠ ಎಂದು ಬರೆಯುವವರು ನೂರಾರು ಮಂದಿ, ಒಬ್ಬರ ಪ್ರಬಂಧ ಇನ್ನೊಬ್ಬರ ಖಾತೆಗೆ ಸೇರುತ್ತದೆ. 2012ರಲ್ಲಿ ಶುರುವಾದ ಆರ್ಕಿಡ್ ಎಂಬ 16 ಅಂಕಿಗಳ ಗುರುತಿನ ಸಂಖ್ಯೆ ಇದಕ್ಕೇ ಇರುವುದು. ಅದು ಉಚಿತ, ಪ್ರತಿ ವಿದ್ಯಾರ್ಥಿಯೂ ಮೊದಲ ಪ್ರಬಂಧಕ್ಕೆ ಮುನ್ನವೇ ಪಡೆದುಕೊಳ್ಳಲಿ.

ಕೃಷಿ ಕಾಲೇಜುಗಳಲ್ಲಿ ಓದುತ್ತಿರುವ ಎಳೆಯರಲ್ಲಿ ಒಂದು ವಿನಂತಿ. ನಿಮ್ಮ ತಾಲ್ಲೂಕಿನ ಹೊಲಗಳಲ್ಲಿರುವ ಒಂದು ತಳಿಯನ್ನು ಆರಿಸಿ, ಅದರ ವಂಶಾವಳಿ ಹುಡುಕಿ, ಎಷ್ಟು ಕೋಷ್ಟಕಗಳಲ್ಲಿ ಅದರ ಹೆಸರಿದೆ, ಎಷ್ಟು ಆಕರಪಟ್ಟಿಗಳಲ್ಲಿ ಅದನ್ನು ಕೊಟ್ಟವರ ಹೆಸರಿದೆ ಎಂದು ಎಣಿಸಿ ಬರೆಯಿರಿ. ಕನ್ನಡದಲ್ಲೇ ಬರೆಯಿರಿ.